ಓಬಜ್ಜಿಯ ಡಬ್ಬಿಯೊಳಗಿನ ಮಂದಿ

ಬಿಲ್ಲೆ ಕೈಜಾರಿ ನೆಲಕ್ಕೆ ಬಿದ್ದರೆ ಓಬಜ್ಜಿ ಎಷ್ಟು ಬಿತ್ತು ಅಂತ ಕೇಳುತ್ತಿರಲಿಲ್ಲ. ಒಲೆಯ ಕಡೆ ಮುಖ ಮಾಡಿಕೊಂಡೇ, "ಯಾರಲೇ ಬಿದ್ದೋರು?" ಅನ್ನುತ್ತಿದ್ದಳು. ನಾವು ಬಾಯಿ ತೆರೆಯುವಷ್ಟರಲ್ಲಿ ಸಪ್ಪಳದ ಮೇಲೆ ಅವಳೇ ಹೇಳಿಬಿಡುತ್ತಿದ್ದಳು. "ಹಾಲಜ್ಜ ಬಿದ್ದಾನ. ಎತ್ರಿ, ವಯಸ್ಸಾದ ಮನಷ್ಯಾ."

ಹಾಲಜ್ಜ ಅಂದರೆ ಐದು ರೂಪಾಯಿ.

ಓಬಜ್ಜಿ ನಮ್ಮೂರ ಅಂಗನವಾಡಿಯ ಆಯಾ. ಊರು ಕೊಟ್ಟೂರಿಂದ ಕೂಡ್ಲಿಗಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. ಟೀಚರಮ್ಮ ವಾರದಲ್ಲಿ ಎರಡು ದಿನ ಮೀಟಿಂಗು, ಸರ್ವೆ ಅಂತ ಕೂಡ್ಲಿಗಿಗೆ ಹೋಗುತ್ತಿದ್ದರು. ಆ ದಿನ ನಮ್ಮನ್ನು ಹಿಡಿದು ಕೂಡಿಸುವವಳು ಓಬಜ್ಜಿ. ಗಿಡ್ಡ ಹೆಂಗಸು. ಬಲಗಣ್ಣಲ್ಲಿ ಹೂ ಬಿದ್ದು ಆ ಕಣ್ಣು ಕಾಣುತ್ತಿರಲಿಲ್ಲ. ಮೈಯೆಲ್ಲ ಹುಣಸೆಹಣ್ಣಿನ ವಾಸನೆ, ಯಾಕೆಂದರೆ ಬಿಲ್ಲೆಗಳನ್ನು ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕುತ್ತಿದ್ದಳು. ಓದು ಬರುತ್ತಿರಲಿಲ್ಲ. ನನಗೂ ಹೆಚ್ಚು ಬರಲ್ಲ, ಏಳನೇ ಇಯತ್ತೆಗೆ ಶಾಲೆ ಬಿಟ್ಟೆ. ಆದರೆ ರೊಕ್ಕದಲ್ಲಿ ಇವತ್ತಿನವರೆಗೆ ನನ್ನನ್ನು ಯಾರೂ ಯಾಮಾರಿಸಿಲ್ಲ. ಅದು ಓಬಜ್ಜಿ ಕಲಿಸಿದ್ದು.

ಹಾಲಿನ ಪುಡಿಯ ಹಳೆ ಡಬ್ಬಿಯಲ್ಲಿ ಬಿಲ್ಲೆ ಇಟ್ಟಿದ್ದಳು. ಅದನ್ನು ಮೊರಕ್ಕೆ ಸುರಿದು ನಮ್ಮನ್ನು ಸುತ್ತ ಕೂಡಿಸುತ್ತಿದ್ದಳು. ಕಣ್ಣು ಮುಚ್ಚಬೇಕು, ಕೈ ಚಾಚಬೇಕು. ಅವಳು ಒಂದು ಬಿಲ್ಲೆ ಇಡುವಳು. ಮುಟ್ಟಿ ನೋಡಿ ಯಾರು ಅಂತ ಹೇಳಬೇಕು. ಸಣ್ಣದು, ತೆಳ್ಳಗೆ, ಅದು ಕೊಟ್ರವ್ವ, ಒಂದು ರೂಪಾಯಿ. ಕೊಟ್ರವ್ವ ಒಬ್ಬಳೇ ಇದ್ದು ಒಬ್ಬಳೇ ಉಂಡವಳು, ಅದಕ್ಕೆ ಒಂದು. ಅಗಲ ಇದ್ದದ್ದು ದ್ಯಾಮಣ್ಣ, ಎರಡು ರೂಪಾಯಿ. ದ್ಯಾಮಣ್ಣ ಎಲ್ಲಿಗೆ ಹೋದರೂ ಜೋಡೆತ್ತು ಹೊಡಕೊಂಡೇ ಹೋಗುತ್ತಿದ್ದನಂತೆ. ದಪ್ಪ ಇದ್ದದ್ದು ಹಾಲಜ್ಜ. ಕಟ್ಟೆಯ ಮೇಲೆ ಐದು ಮಂದಿ ಕೂಡುವ ಜಾಗದಲ್ಲಿ ಒಬ್ಬನೇ ಕೂಡುತ್ತಿದ್ದವನು. ಈ ಮೂವರೂ ನಾವು ಹುಟ್ಟುವ ಮೊದಲೇ ಸತ್ತಿದ್ದರು. ನಮಗೆ ಅದು ಗೊತ್ತಿರಲಿಲ್ಲ. ಎಲ್ಲೋ ಪಕ್ಕದ ಓಣಿಯಲ್ಲಿದ್ದಾರೆ ಅಂದುಕೊಂಡಿದ್ದೆವು.

"ಹಾಲಜ್ಜನ್ನ ಮುರುದ್ರ ಎಷ್ಟು ಮಂದಿ?" ಅಂತ ಕೇಳುವಳು.

ನಾವು ಒಂದೇ ಕೊರಳಲ್ಲಿ ಒದರುತ್ತಿದ್ದೆವು. "ಇಬ್ರು ದ್ಯಾಮಣ್ಣ, ಒಬ್ಬಾಕಿ ಕೊಟ್ರವ್ವ."

ಆಟ ಮುಗಿದ ಮೇಲೆ ಒಂದೊಂದೇ ಹೆಸರು ಕರೆದು ಡಬ್ಬಿಗೆ ಹಾಕುತ್ತಿದ್ದಳು. ಒಂದು ಕಡಿಮೆ ಬಂದರೆ, "ಬಾಗಲಾ ಹಾಕಬ್ಯಾಡ್ರಿ, ಒಬ್ರು ಇನ್ನ ಹೊರಗ ಅದಾರ" ಅನ್ನುವಳು. ನಾವು ತಿರುಗಿ ಬಾಗಿಲ ಕಡೆ ನೋಡುತ್ತಿದ್ದೆವು. ಅಲ್ಲಿ ಬಿಸಿಲು ಬಿಟ್ಟರೆ ಏನೂ ಇರುತ್ತಿರಲಿಲ್ಲ.

ಒಂದು ಸಲ ನಾನೇ ಕೊಟ್ರವ್ವನನ್ನು ಚಡ್ಡಿ ಜೇಬಿಗೆ ಹಾಕಿಕೊಂಡು ಹೋಗಿ ಅಂಗಡಿಯಲ್ಲಿ ಪೆಪ್ಪರಮೆಂಟು ತಿಂದೆ. ಮಾರನೆ ದಿನ ಓಬಜ್ಜಿ ನನ್ನ ಕಿವಿ ಹಿಡಿದು, ಕೊಟ್ರವ್ವ ನಿನ್ನೆ ಅಂಗಡಿ ಕಡೆ ಹೋಗಿದ್ದಳಂತಲ್ಲ ಅಂದಳು. ಬಿಲ್ಲೆ ಆಗಲೇ ಡಬ್ಬಿಗೆ ಬಂದಿತ್ತು. ಅವಳೇ ಹೋಗಿ ಬಿಡಿಸಿಕೊಂಡು ಬಂದಿದ್ದಳು. ಕದ್ದದ್ದಕ್ಕೆ ಬಯ್ಯಲಿಲ್ಲ. ರೂಪಾಯಿಗೆ ಎರಡು ಪೆಪ್ಪರಮೆಂಟು, ನೀನು ಒಂದೇ ತಗೊಂಡೆಯಲ್ಲ, ಇನ್ನೊಂದು ಅಂಗಡಿಯವನ ಬಾಯಿಗೆ ಹೋಯಿತೇನು ಅಂತ ಬೈದಳು. ದರದರ ಎಳಕೊಂಡು ಹೋಗಿ ಅಂಗಡಿಯವನಿಂದ ಇನ್ನೊಂದು ಈಸಿಕೊಟ್ಟಳು. ಬರುವಾಗ ಹೇಳಿದ ಮಾತು ಇನ್ನೂ ನೆನಪಿದೆ.

"ಕೊಟ್ಟ ಮ್ಯಾಲ ಅದು ನಿಂದಲ್ಲ. ಅದಕ್ಕ ಅಳಬ್ಯಾಡ. ತಿರುಗಿ ಬರೋದನ್ನ ಮಾತ್ರ ಎಣಿಸಿ ತಗೋ."

ಮನೆಯಲ್ಲಿ ಅಪ್ಪನ ಅಂಗಿಯಿಂದ ಬಿದ್ದ ಐದರ ಬಿಲ್ಲೆ ನೋಡಿ ನಾನು "ಹಾಲಜ್ಜ ಬಂದಾನ" ಅಂದಾಗ ನಮ್ಮಜ್ಜಿ ಬಡಿಯುತ್ತಿದ್ದ ರೊಟ್ಟಿ ಹಾಗೇ ಬಿಟ್ಟಳು. ಯಾವ ಹಾಲಜ್ಜ ಅಂದಳು. ಕಟ್ಟೆ ಮೇಲೆ ಕೂಡುವ ದಪ್ಪ ಅಜ್ಜ ಅಂದೆ. ಆ ಸಂಜೆಯೇ ನನ್ನ ಕೊರಳಿಗೆ ತಾಯತ ಬಿತ್ತು. ಬೇರೆ ಮನೆಗಳಲ್ಲಿ ಅಂಗನವಾಡಿ ಆಟ ಅಂತ ನಕ್ಕು ಬಿಟ್ಟರು. ಬಿಲ್ಲೆ ಎಲ್ಲಿಂದ ಬಂದವು ಅಂತ ಯಾರೂ ಕೇಳಲಿಲ್ಲ.

ಹತ್ತರ ಬಿಲ್ಲೆಗೆ ಮಾತ್ರ ಆಗ ಹೆಸರಿರಲಿಲ್ಲ. ಅದು ಆಗಿನ್ನೂ ಹೊಸದು.

ನನಗೆ ನಾಲ್ಕು ವರ್ಷ ಇದ್ದಾಗ ನಮ್ಮವ್ವ ಹೆರಿಗೆಗೆ ಅಂತ ದವಾಖಾನೆಗೆ ಹೋದವಳು ಹೆಣವಾಗಿ ಬಂದಳು. ಕೂಸು ಹೊಟ್ಟೆಯಲ್ಲೇ ಉಳಿದಿತ್ತು. ಅಂಥ ಸಾವು ಮನೆಗೆ ಬರಬಾರದು ಅಂತ ಗಾಡಿಯನ್ನು ಊರ ಬಾಗಿಲಲ್ಲೇ ನಿಲ್ಲಿಸಿ, ಅಲ್ಲಿಂದಲೇ ಹೊತ್ತರು. ನನ್ನನ್ನು ಅಂಗನವಾಡಿಯಲ್ಲಿ ಬಿಟ್ಟಿದ್ದರು. ಸುಡುಗಾಡಿನ ದಾರಿ ಅಂಗನವಾಡಿಯ ಮುಂದೆಯೇ. ಹೊರಗೆ ಹೆಣದ ಮುಂದೆ ಹಲಗೆ ಬಡಿಯುವುದು ಹತ್ತಿರ ಬಂದಾಗ ಓಬಜ್ಜಿ ಕಿಟಕಿ ಹಾಕಿದಳು, ನನ್ನನ್ನು ತೊಡೆಯ ಮೇಲೆ ಕೂಡಿಸಿಕೊಂಡು ಕಣ್ಣು ಮುಚ್ಚು ಅಂದಳು. ಕೈಯಲ್ಲಿ ಬಿಲ್ಲೆ ಇಡುತ್ತ ಹೋದಳು. ಕೊಟ್ರವ್ವ. ದ್ಯಾಮಣ್ಣ. ಹಾಲಜ್ಜ. ಕೊಟ್ರವ್ವ. ಹಲಗೆ ದೂರ ಆಗುವವರೆಗೂ ನಾನು ಒಂದೂ ತಪ್ಪಲಿಲ್ಲ. ನನ್ನ ಅವ್ವ ಹೋದದ್ದು ನಾನು ಚಿಲ್ಲರೆ ಎಣಿಸುವಾಗ.

ಆಮೇಲೆ ಅವಳು ಕಸಬರಿಗೆ ಹಿಡಿದು ಹೊರಗೆ ಹೋಗಿ ಅಂಗಳ ಗುಡಿಸಿದಳು. ಅದು ನೆನಪಿದೆ. ಯಾಕೆ ಗುಡಿಸಿದಳು ಅಂತ ತಿಳಿಯಲು ನನಗೆ ಹದಿನಾರು ವರ್ಷ ಹಿಡಿಯಿತು.

ಮನೆಯಲ್ಲಿ ಅವ್ವನ ಹೆಸರು ಎತ್ತುವುದು ನಿಂತಿತು. ಬಸುರಿಯಾಗಿ ಸತ್ತವಳನ್ನು ಕರೆದರೆ ಬರುತ್ತಾಳೆ ಅಂತ ಅಜ್ಜಿಗೆ ಹೆದರಿಕೆ. ಅಪ್ಪ ಬೇರೆ ಮದುವೆಯಾದ. ಫೋಟೋ ಒಂದೂ ಇರಲಿಲ್ಲ. ಶಾಲೆಯ ದಾಖಲೆಯಲ್ಲಿ ಬಿಟ್ಟರೆ ಅವಳು ಎಲ್ಲೂ ಇರಲಿಲ್ಲ. ನಾನೂ ಯಾರ ಮುಂದೆಯೂ ಆ ಹೆಸರು ಹೇಳಿದವನಲ್ಲ.

ಈಗ ಬಸ್ ನಿಲ್ಲುವಲ್ಲಿ ನನ್ನದೊಂದು ಗೂಡಂಗಡಿ ಇದೆ. ಎಲ್ಲರೂ ಫೋನಿನಲ್ಲಿ ಸ್ಕ್ಯಾನ್ ಮಾಡುತ್ತಾರೆ, ಡಬ್ಬದೊಳಗಿನ ಹೆಂಗಸು ಇಷ್ಟು ರೂಪಾಯಿ ಬಂತು ಅನ್ನುತ್ತಾಳೆ. ಚಿಲ್ಲರೆ ತರುವವರು ಸಣ್ಣ ಹುಡುಗರಷ್ಟೇ. ಹೋದ ವರ್ಷ ಕುರಿ ಮಲ್ಲಪ್ಪನ ಮೊಮ್ಮಗಳು ಸಿಂಚನ ಬಂದು, ಮನೆಯಿಂದ ತಂದ ಹತ್ತರ ಬಿಲ್ಲೆ ಇಟ್ಟು ಬಿಸ್ಕೀಟು ಕೇಳಿದಳು. ನಾಲ್ಕು ವರ್ಷದ ಹುಡುಗಿ. ನಮ್ಮ ಕಡೆ ಹತ್ತರ ಬಿಲ್ಲೆ ಯಾರೂ ತಗೊಳ್ಳಲ್ಲ.

"ಇದು ನಡಿಯಂಗಿಲ್ಲವ್ವ, ನೋಟು ಈಸ್ಕೊಂಡು ಬಾ" ಅಂದೆ.

"ನೀಲಮ್ಮ ನಡೀತಾಳ."

"ಯಾರು?"

"ನೀಲಮ್ಮ." ಅವಳು ಬಿಲ್ಲೆಯ ಹೊರಗಿನ ಹಳದಿ ಸುತ್ತನ್ನು ಬೆರಳಿಂದ ಸವರಿ, ನಡುವಿನ ಬಿಳಿಯ ಮೇಲೆ ಬೆರಳು ಇಟ್ಟಳು. "ಹೊಟ್ಟ್ಯಾಗ ಕೂಸು ಐತಿ ನೋಡು."

ನೀಲಮ್ಮ ನಮ್ಮವ್ವನ ಹೆಸರು.

ಬಿಲ್ಲೆಯನ್ನು ಅವಳ ಕೈಗೇ ತಿರುಗಿ ಕೊಟ್ಟು, ಅಂಗಡಿ ತೆರೆದಂತೆಯೇ ಬಿಟ್ಟು ಅಂಗನವಾಡಿಗೆ ಹೋದೆ. ಓಬಜ್ಜಿ ಅಕ್ಕಿ ಆರಿಸುತ್ತಿದ್ದಳು. ನನ್ನ ಮುಖ ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು ಅನ್ನಿಸುತ್ತದೆ.

"ನಮ್ಮವ್ವನ್ನ ಯಾಕ ಹುಡುಗ್ರ ಬಾಯಾಗ ಹಾಕಿದಿ?" ಅಂದೆ.

"ಮತ್ತ ಯಾರ ಬಾಯಾಗ ಹಾಕ್ಲಿ? ನಿಮ್ಮನಿ ಮಂದಿ ಬಾಯಿ ಮುಚ್ಚ್ಯಾರ. ನಿಂದೂ ಮುಚ್ಚೈತಿ."

"ಡಬ್ಬ್ಯಾಗಿನ ಹತ್ತರ ಬಿಲ್ಲಿ ಎಲ್ಲಿದು?"

ಮುಚ್ಚಿಡಲಿಲ್ಲ. ನಿಮ್ಮಪ್ಪ ಅವತ್ತು ತೂರಿದ್ದು, ಬಾಗಿಲ ಮುಂದೆಯೇ ಬಿತ್ತು, ಗುಡಿಸಿಕೊಂಡೆ ಅಂದಳು. ಹೆಣದ ಮುಂದೆ ಮಂಡಕ್ಕಿಯ ಜೊತೆ ಚಿಲ್ಲರೆ ತೂರುತ್ತಾರಲ್ಲ, ಅದು. ನಮ್ಮೂರಲ್ಲಿ ಅದನ್ನು ಯಾರೂ ಮುಟ್ಟಲ್ಲ. ಎಲ್ಲಾ ಹಾಗೇ ಬಂದವು, ಹಾಲಜ್ಜನ ದಿನ ಹಾಲಜ್ಜ, ಕೊಟ್ರವ್ವನ ದಿನ ಕೊಟ್ರವ್ವ. ಸರಕಾರ ಮಕ್ಕಳಿಗೆ ಗೊಂಬೆ ಕೊಡುತ್ತದೆ, ರೊಕ್ಕ ಕೊಡುತ್ತದೇನು ಅಂತ ನನ್ನನ್ನೇ ಕೇಳಿದಳು.

ಆಗ ನಾನು ಒದರಿದೆ. ಹೆಣದ ರೊಕ್ಕ ಕೊಟ್ಟು ಹುಡುಗರನ್ನು ಆಡಿಸುತ್ತೀಯಾ ಅಂತ ಒದರಿದೆ. ಬೋರಿನ ಹತ್ತಿರ ನೀರು ಹಿಡಿಯುತ್ತಿದ್ದ ಹೆಂಗಸರು ಕೊಡ ಇಟ್ಟು ನಿಂತರು. ಮಾರನೆ ದಿನ ಅಂಗನವಾಡಿಗೆ ಒಂದು ಮಗುವೂ ಬರಲಿಲ್ಲ. ಎರಡು ದಿನ ಬಿಟ್ಟು ಟೀಚರಮ್ಮ, ಸ್ವಲ್ಪ ದಿನ ಮನೆಯಲ್ಲೇ ಇರು ಅಂತ ಓಬಜ್ಜಿಗೆ ಹೇಳಿದರು. ಊರ ಹಿರಿಯರು ಡಬ್ಬಿಯನ್ನು ಹಳ್ಳಕ್ಕೆ ಹಾಕು ಅಂದರು. ಮೂವತ್ತು ವರ್ಷದ ಕೆಲಸ ಒಂದು ವಾರದಲ್ಲಿ ಮುಗಿಯಿತು. ಮುಗಿಸಿದವನು ನಾನು.

ಅವಳ ಮನೆಗೆ ಹೋದದ್ದು ಮೂರು ವಾರ ಬಿಟ್ಟು. ತಪ್ಪಾಯಿತು ಅನ್ನಲು ಹೋಗಿದ್ದೆ. ನಾನು ಅನ್ನುವ ಮೊದಲೇ ಅವಳು ಡಬ್ಬಿ ತಂದು ನನ್ನ ಮುಂದೆ ಇಟ್ಟಳು. "ಹಳ್ಳಕ್ಕ ಹಾಕು ಅಂದಾರ. ನನ್ನ ಕೈಲೆ ಆಗಂಗಿಲ್ಲ. ಒದರಿದಾವ ನೀನು, ನೀನ ಹಾಕು."

ಡಬ್ಬಿ ಕೊಡುವ ಮೊದಲು ಅದರಿಂದ ಒಂದು ಬಿಲ್ಲೆ ತೆಗೆದು ತನ್ನ ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡಳು. ಮೂಲೆ ಮೂಲೆ ಇರುವ ಇಪ್ಪತ್ತರ ಬಿಲ್ಲೆ. ಹರಪನಹಳ್ಳಿ ಬಸ್ಸಿನಲ್ಲಿ ಕಂಡಕ್ಟರ್ ಕೊಟ್ಟದ್ದಂತೆ. ಇದು ಯಾರು ಅಂತ ಕೇಳಿದೆ. ಕೇಳಬಾರದಿತ್ತು.

"ಇದರ ಮಂದಿ ಇನ್ನ ಬದುಕ್ಯಾರ" ಅಂದಳು. ಒಳ್ಳೆಯ ಕಣ್ಣಿಂದಲ್ಲ, ಹೂ ಬಿದ್ದ ಕಣ್ಣಿಂದ ನನ್ನನ್ನು ನೋಡಿದಳು ಅನ್ನಿಸಿತು. ನಾನು ಅವಳನ್ನು ಜೀವಂತ ಕಂಡದ್ದು ಅದೇ ಕೊನೆಯ ಸಲ.

ಡಬ್ಬಿಯನ್ನು ನಾನು ಹಳ್ಳಕ್ಕೆ ಹಾಕಲಿಲ್ಲ. ಅಂಗಡಿಯಲ್ಲಿ ಹಲಗೆಯ ಕೆಳಗೆ ಇಟ್ಟೆ. ಅದರಲ್ಲಿ ಹತ್ತರ ಬಿಲ್ಲೆ ಒಂದೇ ಇತ್ತು, ಅಪ್ಪ ಅವತ್ತು ತೂರಿದ್ದು.

ಓಬಜ್ಜಿ ಈ ಬೇಸಿಗೆಯಲ್ಲಿ ಹೋದಳು, ಮಲಗಿದಲ್ಲೇ. ಹರಪನಹಳ್ಳಿ ಕಡೆಯಿಂದ ತಂಗಿಯ ಮಕ್ಕಳು ಬಂದರು. ಮಂಡಕ್ಕಿ ತಂದಿದ್ದರು, ಚಿಲ್ಲರೆ ತಂದಿರಲಿಲ್ಲ. ಅಲ್ಲಿದ್ದ ಯಾರ ಜೇಬಿನಲ್ಲೂ ಇರಲಿಲ್ಲ, ಎಲ್ಲರ ಕೈಯಲ್ಲೂ ಫೋನು. ನಾನು ಅಂಗಡಿಗೆ ಹೋಗಿ ಡಬ್ಬಿ ತಂದೆ. ಹತ್ತರ ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡೆ. ಉಳಿದದ್ದನ್ನು ಮುಂದೆ ಮುಂದೆ ನಡೆದು ತೂರಿದೆ.

ಅಂಗನವಾಡಿಯಲ್ಲಿ ಹುಡುಗರು ಮತ್ತೆ ಬರತೊಡಗಿದ್ದರು. ಹೆಣ ಬರುತ್ತದೆ ಅಂತ ಹೊಸ ಆಯಾ ಬಾಗಿಲು ಕಿಟಕಿ ಎಲ್ಲಾ ಹಾಕಿದ್ದಳು. ಅದರ ಮುಂದೆ ಬಂದಾಗ ನಾನು ಒಂದು ಹಿಡಿ ತೂರಿದೆ. ಸಿಮೆಂಟು ರಸ್ತೆಯ ಮೇಲೆ ಬಿಲ್ಲೆ ಬಿದ್ದವು. ಮುಚ್ಚಿದ ಕಿಟಕಿಯ ಒಳಗಿಂದ ಒಂದು ಸಣ್ಣ ಕೊರಳು "ಹಾಲಜ್ಜ" ಅಂತು. ಇನ್ನೊಂದು "ಕೊಟ್ರವ್ವ" ಅಂತು. ಮತ್ತೆ ತೂರಿದೆ. "ದ್ಯಾಮಣ್ಣ. ದ್ಯಾಮಣ್ಣ. ಕೊಟ್ರವ್ವ." ಒದರುತ್ತಿರಲಿಲ್ಲ, ಎಣಿಸುತ್ತಿದ್ದರು. ಹಲಗೆ ಬಡಿಯುವವರು ಕೈ ನಿಲ್ಲಿಸಿದರು. ಹೊತ್ತವರಲ್ಲಿ ಒಬ್ಬ, ಒಳಗೆ ಯಾರಿದ್ದಾರೆ ಅಂತ ನನ್ನನ್ನು ಕೇಳಿದ. ಹುಡುಗರು ಅಂದೆ. ಅವನು ನಂಬಲಿಲ್ಲ, ಜಲ್ದಿ ನಡೀರಿ ಅಂದ.

ಮಾರನೆ ದಿನ ನೋಡಿದರೆ ರಸ್ತೆಯ ಮೇಲೆ ಮಂಡಕ್ಕಿ ಇತ್ತು, ಬಿಲ್ಲೆ ಒಂದೂ ಇರಲಿಲ್ಲ. ಹೊಸ ಆಯಾ ತಾನು ಗುಡಿಸಿಲ್ಲ ಅಂದಳು. ಯಾರಾದರೂ ಎತ್ತಿಕೊಂಡಿರುತ್ತಾರೆ.

ಅದಾಗಿ ಇಪ್ಪತ್ತು ದಿನಕ್ಕೆ ಸಿಂಚನ ಅಂಗಡಿಗೆ ಬಂದಳು. ಐದು ರೂಪಾಯಿಯ ಬಿಸ್ಕೀಟು ಕೇಳಿ ಮುಷ್ಟಿ ಬಿಚ್ಚಿದಳು. ಮೂಲೆ ಮೂಲೆ ಇರುವ ಇಪ್ಪತ್ತರ ಬಿಲ್ಲೆ.

"ಇದು ಯಾರು?" ನಾನೇ ಕೇಳಿದೆ.

"ಓಬಜ್ಜಿ."

"ಯಾರು ಹೇಳಿದ್ರು?"

"ಅಕೀನ ಕೊಟ್ಲು, ಅಕೀನ ಹೇಳಿದ್ಲು."

"ಯಾವಾಗ?"

"ನಿನ್ನಿ."

ನಾಲ್ಕೈದು ವರ್ಷದ ಮಕ್ಕಳಿಗೆ ಹೋದದ್ದೆಲ್ಲ ನಿನ್ನೆಯೇ. ಹಾಗಂತ ನನಗೆ ನಾನೇ ಹೇಳಿಕೊಂಡು ಬಿಸ್ಕೀಟು ಕೊಟ್ಟೆ. ಹದಿನೈದು ತಿರುಗಿ ಕೊಡಬೇಕು. ಐದರ ಬಿಲ್ಲೆ ಒಂದು, ಹತ್ತರ ನೋಟು ಒಂದು ಇಟ್ಟೆ. ಅವಳು ಬಿಲ್ಲೆ ಎತ್ತಿಕೊಂಡಳು, ನೋಟನ್ನು ಬೆರಳಿಂದ ನನ್ನ ಕಡೆಗೇ ದೂಡಿದಳು.

"ಇನ್ನೊಬ್ಬಾಕಿ ಬರಬೇಕು."

"ಇದೂ ಹತ್ತೇ ಐತವ್ವ."

"ಇದಕ್ಕ ಹೆಸರಿಲ್ಲ." ಅಂಗಡಿಯ ಹಲಗೆ ಹಿಡಿದು ನಿಂತಳು, ಹೋಗಲಿಲ್ಲ. "ಓಬಜ್ಜಿ ಹೇಳ್ಯಾಳ, ಎಣಿಸಿ ತಗೋ ಅಂತ."

ನನ್ನ ಹತ್ತಿರ ಹತ್ತರ ಬಿಲ್ಲೆ ಇದ್ದದ್ದು ಒಂದೇ. ಅದು ಗಲ್ಲಾದಲ್ಲಿರಲಿಲ್ಲ, ಅಂಗಿ ಜೇಬಿನಲ್ಲಿತ್ತು. ಅವ್ವನದು ಅಂತ ನನ್ನ ಹತ್ತಿರ ಇದ್ದದ್ದೂ ಅದೊಂದೇ. ತೆಗೆದೆ. ಅವಳ ಅಂಗೈ ಮೇಲೆ ಇಡುವಾಗ ಹೆಸರು ಹೇಳಬೇಕಲ್ಲ, ಹಾಗೇ ಕಲಿಸಿದ್ದು. "ನೀಲಮ್ಮ" ಅಂದೆ. ಹದಿನೇಳು ವರ್ಷದಲ್ಲಿ ನನ್ನ ಬಾಯಿಂದ ಅದೇ ಮೊದಲು.

"ಹಾಂ. ಈಗ ಬರೋಬರಿ" ಅಂದು ಸಿಂಚನ ಮುಷ್ಟಿ ಮುಚ್ಚಿಕೊಂಡು ಓಡಿದಳು. ನಾನು ಅಳಲಿಲ್ಲ. ಕೈಯಲ್ಲಿ ಇಪ್ಪತ್ತರ ಬಿಲ್ಲೆ ಇತ್ತು, ಹುಣಸೆಹಣ್ಣಿನ ವಾಸನೆ ಬರುತ್ತಿತ್ತು. ಬೆಚ್ಚಗಿತ್ತು. ಹುಡುಗಿಯ ಮುಷ್ಟಿಯಲ್ಲಿತ್ತಲ್ಲ, ಅದಕ್ಕೆ.