ಮೆರವಣಿಗೆಯ ರಾಗ ಬರೆಯದ ಅಗ್ನಿಯಾ

ದ್ವಿನಾ ನದಿಯ ಮೇಲೆ ಇನ್ನೂ ಬೆಳಕು ಹರಿದಿಲ್ಲ. ಉತ್ತರ ರಷ್ಯಾದ ಕೊತ್ಲಾಸ್ ಊರಿನ ಮಕ್ಕಳ ನೃತ್ಯಶಾಲೆಯಲ್ಲಿ ಅಗ್ನಿಯಾ ಲುಕಿನಿಚ್ನಾ ಕೋಟು ಕಳಚದೆಯೇ ಪಿಯಾನೋ ಮುಂದೆ ಕೂತಿದ್ದಾರೆ. ಒಂದು ಸ್ವರ ಒತ್ತುತ್ತಾರೆ, ಅದು ಪೂರ್ತಿ ಅಡಗುವವರೆಗೂ ಕಾಯುತ್ತಾರೆ, ಆಮೇಲೆ ಪೆನ್ಸಿಲಿನಲ್ಲಿ ಗೀಚುತ್ತಾರೆ. ಮಕ್ಕಳು ಬಂದೊಡನೆ ಹಾಳೆ ಚೀಲ ಸೇರುತ್ತದೆ. ಅಲ್ಲಿಂದ ಮಧ್ಯಾಹ್ನದವರೆಗೆ ಅವರ ಹೆಜ್ಜೆಗೆ ತಕ್ಕಂತೆ ನುಡಿಸುವುದೇ ಹೊಟ್ಟೆಪಾಡು. ಎಪ್ಪತ್ತು ದಾಟಿದ ಈ ಹೆಂಗಸು ದೊಡ್ಡ ವಾದ್ಯವೃಂದಕ್ಕೆ ಮೂರು ಸಿಂಫನಿ ಬರೆದವರೆಂಬುದು ಮಕ್ಕಳ ತಾಯಂದಿರಿಗೂ ಗೊತ್ತಿಲ್ಲ.

ತಂದೆ ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದವರು. ಮಾಸ್ಕೋದಲ್ಲಿ ಓದುವಾಗ ಮಗಳು ಬರೆದ ಮೊದಲ ಸಿಂಫನಿಯಲ್ಲಿ ಕಹಳೆಗಳು ಒಂದರ ಮೇಲೊಂದು ಬಿದ್ದು ಗುದ್ದಾಡುತ್ತವೆ. ಇದನ್ನು ಕಾರ್ಮಿಕರು ಗುನುಗಲಾರರು ಎಂದಿತು ಕೃತಿಗಳಿಗೆ ಒಪ್ಪಿಗೆ ಕೊಡುವ ಸೋವಿಯತ್ ಸರ್ಕಾರದ ಪರಿಶೀಲನಾ ಸಮಿತಿ. "ನಮ್ಮಪ್ಪನೂ ಕಾರ್ಮಿಕನೇ. ಅವನನ್ನ ಕೇಳಿದ್ರಾ?" ಎಂದು ಈಕೆ ಎದುರಾಡಿದರು. ಕೃತಿ ಕಪಾಟು ಸೇರಿತು, ಈಕೆ ಊರು ಸೇರಿದರು.

ಊರಿನಲ್ಲಿ ಅವರ ಸಂಗೀತ ಮಗ್ಗುಲು ಬದಲಿಸಿತು. ಸಾವಿನ ಮನೆಗಳಲ್ಲಿ ಮುದುಕಿಯರು ಹಾಡಿ ಅಳುವಾಗ ಒಬ್ಬಳ ಉಸಿರು ಮುಗಿಯುವ ಮೊದಲೇ ಇನ್ನೊಬ್ಬಳು ಎತ್ತಿಕೊಳ್ಳುತ್ತಾಳೆ. ಅದನ್ನೇ ಪಿಟೀಲುಗಳಿಗೆ ಕೊಟ್ಟರು. ಸೋವಿಯತ್ ಕಾಲ ಮುಗಿದು ಊರಿನ ವಾದ್ಯವೃಂದ ಚದುರಿದಾಗ ಉಳಿದವರು ಇಬ್ಬರೇ: ಹೆಗಲಿಗೆ ತೂಗುಹಾಕಿದ ಹಾರ್ಮೋನಿಯಂನಂಥ ಬಯಾನನ್ನು ತಿದಿಯೆಳೆದು ನುಡಿಸುವ ಪ್ರೋಖರ್, ದೊಡ್ಡ ಪಿಟೀಲಿನಂಥ ಸೆಲ್ಲೋ ನುಡಿಸುವ ತೈಸಿಯಾ. ಅವರಿಗಾಗಿಯೇ ಅಗ್ನಿಯಾ ಬರೆಯತೊಡಗಿದರು. ಸ್ವರ ಕಡಿಮೆಯಾಯಿತು, ಮೌನ ಹೆಚ್ಚಿತು. "ಇನ್ನೊಂದಷ್ಟು ವರ್ಷ ಹೋದ್ರೆ ಇವಳು ನಮ್ಮನ್ನ ಬರೀ ಕೂರಿಸ್ತಾಳೆ, ನುಡಿಸೋಕೇ ಬಿಡಲ್ಲ" ಎಂದು ಪ್ರೋಖರ್ ಈಗಲೂ ಕಿಚಾಯಿಸುತ್ತಾರೆ.

ಕಳೆದ ಬೇಸಿಗೆಯ ಊರಹಬ್ಬಕ್ಕೆ ಅಗ್ನಿಯಾರ ಕೃತಿಯೊಂದು ಆಯ್ಕೆಯಾಯಿತು. ನದಿಯಲ್ಲಿ ದೋಣಿ ಮುಳುಗಿ ಸತ್ತವರಿಗಾಗಿ ಬರೆದದ್ದು. ಸತ್ತವರಲ್ಲಿ ಅವರ ಅಣ್ಣನೂ ಇದ್ದ. ತಾಲೀಮು ನೋಡಿದ ಉತ್ಸವದ ನಿರ್ದೇಶಕರಿಗೆ ಕೃತಿಯ ಕೊನೆ ಸಪ್ಪೆ ಅನ್ನಿಸಿತು. ಮೆರವಣಿಗೆಯ ರಾಗ ಸೇರಿಸಿ ಎಂದರು.

"ಎರಡೇ ನಿಮಿಷ, ಅಗ್ನಿಯಾ ಲುಕಿನಿಚ್ನಾ. ಜನ ಖುಷಿಯಾಗಿ ಮನೆಗೆ ಹೋಗ್ಲಿ."

"ಮುಳುಗಿದೋರು ಮನೆಗೆ ಬರ್ಲಿಲ್ಲವಲ್ಲ. ಗಿಡವಾಗಿದ್ದಾಗಲೇ ಬಗ್ಗಲಿಲ್ಲ ನಾನು, ಮರ ಆದ್ಮೇಲೆ ಬಗ್ತೀನಾ?"

ಹಾಳೆಗಳನ್ನು ಬಾಚಿಕೊಂಡು ಹೊರಟೇಬಿಟ್ಟರು. ಪ್ರೋಖರ್ ಬಯಾನ್ ಹೆಗಲಿಗೇರಿಸಿದರು, ತೈಸಿಯಾ ಸೆಲ್ಲೋ ಎತ್ತಿಕೊಂಡು ಹಿಂದೆಯೇ ನಡೆದರು.

ಹಬ್ಬದ ದಿನವೇ ನೃತ್ಯಶಾಲೆಯಲ್ಲಿ ಆ ಕೃತಿಯನ್ನು ನುಡಿಸಿದರು. ಹೊರಗೆ ಚೌಕದಲ್ಲಿ ಡೋಲಿನ ಅಬ್ಬರ. ಒಳಗೆ ನೆಲದ ಮೇಲೆ ಸತ್ತವರ ಮನೆಮಂದಿ. ಮುಗಿದಾಗ ದೋಣಿ ನಡೆಸುತ್ತಿದ್ದವನ ಹೆಂಡತಿ ಎದ್ದು ಬಂದು, ಇನ್ನೊಮ್ಮೆ ನುಡಿಸಿ ಎಂದಳು. ನುಡಿಸಿದರು.

ಈಗ ಅಗ್ನಿಯಾ ಬರೆಯುತ್ತಿರುವುದು ನೂರು ದನಿಗಳ ಗಾಯನವೃಂದಕ್ಕೆ. ಸುತ್ತಮುತ್ತ ಅಂಥ ವೃಂದವೇ ಇಲ್ಲ. ಯಾರು ಹಾಡುತ್ತಾರೆ ಎಂದರೆ ಪೆನ್ಸಿಲ್ ಹೆರೆಯುತ್ತಾ ಹೇಳುತ್ತಾರೆ: "ಇರೋರಿಗೆ ಬರೆದದ್ದಾಯ್ತು. ಇನ್ನು ಹುಟ್ಟಬೇಕಾದೋರಿಗೆ ಬರೀತೀನಿ."