ಹೋಗುವಾಗ ವಿಮಾನ, ಬರುವಾಗ ಬಸ್ಸು

ಶುಕ್ರವಾರ ಬೆಳಿಗ್ಗೆ ಆರೂವರೆಗೆ ನಾನು ಜೀವಮಾನದಲ್ಲಿ ಮೊದಲ ಸಲ ಒಂದು ವಿಮಾನವನ್ನು ಕೈಯಾರೆ ದೂಡಿದೆ. ಕೆಟ್ಟು ನಿಂತ ಕಾರನ್ನು ದೂಡಿದ್ದುಂಟು. ವಿಮಾನವನ್ನೂ ಹಾಗೆಯೇ ದೂಡಿ ರಸ್ತೆಗೆ ತರಬೇಕೆಂದು ಯಾರು ಹೇಳಿದ್ದರು?

"ಅಕ್ಕ, ಅಲ್ಲಿ ಅಲ್ಲ. ರೆಕ್ಕೆಯ ಕೆಳಗಿನ ಈ ಕಂಬ ಹಿಡಿ. ಬಾಗಿಲು ಹಿಡಿದು ದೂಡಿದ್ರೆ ಬಾಗಿಲೇ ಕೈಗೆ ಬರ್ತದೆ" ಎಂದ ತಮ್ಮ ಪ್ರಶಾಂತ.

ಬಾಗಿಲು ಕೈಗೆ ಬರುವ ವಿಮಾನ! ನಾನು ನಮ್ಮವರ ಮುಖ ನೋಡಿದೆ. ಅವರು ಆಗಲೇ ಇನ್ನೊಂದು ಬದಿಯ ಕಂಬ ಹಿಡಿದು ಹಲ್ಲುಕಿರಿದು ನಿಂತಿದ್ದರು.

ಪ್ರಶಾಂತನಿಗೆ ದುಬೈಯ ಅಲ್ ಮುರಕ್ಕಬಾತ್‌ನಲ್ಲಿ ಕಾರಿನ ಬಿಡಿಭಾಗಗಳ ಅಂಗಡಿ ಉಂಟು. ನಲವತ್ತೆರಡರ ಪ್ರಾಯದಲ್ಲಿ ಹಾರಲು ಕಲಿಯುತ್ತೇನೆಂದು ಹೊರಟವನು, ಎರಡು ವರ್ಷ ಶುಕ್ರವಾರಗಳನ್ನೆಲ್ಲ ಅದಕ್ಕೇ ಸುರಿದು, ಕೊನೆಗೂ ಲೈಸೆನ್ಸ್ ತೆಗೆದ. ಫ್ಲೈಯಿಂಗ್ ಕ್ಲಬ್ಬಿನಿಂದ ನಾಲ್ಕು ಸೀಟಿನ, ಒಂದೇ ಎಂಜಿನ್ನಿನ ವಿಮಾನವನ್ನು ಬಾಡಿಗೆಗೆ ಹಿಡಿದು, ಲಿವಾ ಕಡೆಯ ಮರಳುಗಾಡಿನಲ್ಲಿ ಇಳಿದು, ರೆಕ್ಕೆಯ ಅಡಿಯಲ್ಲೇ ಡೇರೆ ಹಾಕಿ ಒಂದು ರಾತ್ರಿ ಕಳೆಯಬೇಕು ಎನ್ನುವುದು ಅವನ ಆಸೆ. ಅವನ ಹೆಂಡತಿ ವಿದ್ಯಾ ಆ ವಿಮಾನದ ಹತ್ತಿರವೂ ಸುಳಿದವಳಲ್ಲ. ಅವಳು ನನಗೆ ಫೋನ್ ಮಾಡಿ, "ಅತ್ತಿಗೆ, ನೀವು ಜೊತೆಗಿದ್ರೆ ಮಾತ್ರ ಕಳಿಸ್ತೇನೆ. ಎಂಥದಾದ್ರೂ ಹೆಚ್ಚುಕಮ್ಮಿ ಆದ್ರೆ ಇವರ ಹಾರುದು ಅಲ್ಲಿಗೆ ಖಲಾಸ್. ಎರಡು ಮಕ್ಕಳುಂಟು ನನಗೆ" ಎಂದಿದ್ದಳು. ನಾನಿದ್ದೇನಲ್ಲ ಮಾರಾಯ್ತಿ, ಹೆದರಬೇಡ ಎಂದು ಮಾತು ಕೊಟ್ಟಿದ್ದೆ.

ಬುಧವಾರವೇ ಪ್ರಶಾಂತ ಎಲ್ಲರ ತೂಕ ಕೇಳಿ ಬರೆದುಕೊಂಡಿದ್ದ. ಮನುಷ್ಯರದ್ದೂ ಚೀಲಗಳದ್ದೂ. ಇಲ್ಲಿ ನನ್ನ ಒಂದು ವಿದ್ಯೆಯ ಬಗ್ಗೆ ಹೇಳಬೇಕು. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇವೆ. ವರ್ಷಕ್ಕೊಮ್ಮೆ ಮಂಗಳೂರಿಗೆ ಹೋಗುತ್ತೇವೆ. ಮೂವತ್ತು ಕಿಲೋ ಎಂದರೆ ನನ್ನದು ಯಾವತ್ತೂ ಮೂವತ್ತಾರು. ಹೆಚ್ಚಾದದ್ದು ಜಾಕೆಟಿನ ಜೇಬುಗಳಲ್ಲಿ, ಶಾಲಿನ ಮಡಿಕೆಯಲ್ಲಿ, ಹೆಗಲ ಚೀಲದಲ್ಲಿ. ಒಳಗೆ ಹತ್ತಿ ತುಂಬಿದೆಯೋ ಎಂಬಂತೆ ಆ ಚೀಲವನ್ನು ಒಂದು ಬೆರಳಲ್ಲಿ ಹಿಡಿದು ಕೌಂಟರಿನ ಎದುರು ನಗುತ್ತಾ ನಿಲ್ಲುವುದು ಹೇಗೆಂದು ಗಲ್ಫಿನ ನಮ್ಮ ಊರವರಿಗೆ ಹೇಳಿಕೊಡಬೇಕಾಗಿಲ್ಲ. ಇಷ್ಟು ವರ್ಷದಲ್ಲಿ ಒಮ್ಮೆಯೂ ನಾನು ಸಿಕ್ಕಿಬಿದ್ದಿಲ್ಲ, ಅದೊಂದು ಜಂಬ.

ಹಾಗಾಗಿ ತಮ್ಮ "ಚೀಲ ಹತ್ತು ಕಿಲೋ ದಾಟಬಾರದು" ಎಂದಾಗ, ಚೀಲ ಹತ್ತೇ ಕಿಲೋ ಇತ್ತು. ನಮ್ಮವರ ಚಳಿಗಾಲದ ಜಾಕೆಟ್ ಮಾತ್ರ ನಾನು ಹಾಕಿಕೊಂಡಿದ್ದೆ. ಅದರೊಳಗೆ ಎರಡು ಬಾಟ್ಲಿ ಉಪ್ಪಿನಕಾಯಿ, ತೆಂಗಿನೆಣ್ಣೆ, ಬೆನ್ನಿಗೆ ತಾಗಿಸಿ ಕಟ್ಟಿಕೊಂಡ ಕಬ್ಬಿಣದ ಕಾವಲಿ. ಮರಳುಗಾಡಿನಲ್ಲಿ ನೀರುದೋಸೆ ಹೊಯ್ಯಬೇಡವೇ? ನನ್ನ ತೂಕ ಅರುವತ್ತೆರಡು ಎಂದು ಹೇಳಿದ್ದೆ. ಮದುವೆಯ ವರ್ಷ ಅಷ್ಟೇ ಇದ್ದೆ.

ಹಾರಿದೆವು. ಅಬ್ಬ, ಆ ಸದ್ದು! ಹಿಂದಿನ ಸೀಟಿನಲ್ಲಿ ಅಲ್ಲಿ ಓಡಾಡಲೆಂದು ನಮ್ಮವರು ತಂದಿದ್ದ ಮಡಚುವ ಸೈಕಲ್ಲಿನ ಪಕ್ಕ ನಾನು ಕಣ್ಣುಮುಚ್ಚಿ ಕೂತಿದ್ದೆ. ರನ್‌ವೇ ಮುಗಿಯುವುದರೊಳಗೆ ಏರಿತೇನೋ ಸರಿ, ಏರುವುದು ಮಾತ್ರ ನಿಧಾನ. "ಇವತ್ತು ಯಾಕೋ ಈ ಗಾಡಿಗೆ ಉದಾಸೀನ" ಎಂದು ಪ್ರಶಾಂತ ಗೊಣಗಿದ. ನಾನು ಕಿಟಕಿಯ ಹೊರಗೆ ನೋಡಿದೆ. ಕೆಳಗೆ ಹೆದ್ದಾರಿ, ವಿಲ್ಲಾಗಳು, ಆಮೇಲೆ ಬರೀ ಮರಳು. ಒಂದು ಗಂಟೆ ಐವತ್ತು ನಿಮಿಷ ಅದೇ ಮರಳು.

ಇಳಿದ ಜಾಗ ನೋಡಿ ಹೌಹಾರಿದೆ. ಒತ್ತಿ ಗಟ್ಟಿಮಾಡಿದ ಮರಳಿನ ಒಂದು ಪಟ್ಟಿ, ಗಾಳಿಯ ದಿಕ್ಕು ತೋರಿಸಲು ಕಂಬಕ್ಕೆ ಕಟ್ಟಿದ ಗಾಳಿಚೀಲ, ಆ ತುದಿಯಲ್ಲಿ ಒಂಟೆಗಳು ಬಾರದಂತೆ ಹಾಕಿದ ಕಬ್ಬಿಣದ ಬೇಲಿ. ಕಟ್ಟಡ ಇಲ್ಲ, ನಲ್ಲಿ ಇಲ್ಲ, ನೆರಳು ಇಲ್ಲ. ಎಂಜಿನ್ ನಿಂತ ಮೇಲೆ ನನ್ನ ಉಸಿರಿನ ಸದ್ದು ನನಗೇ ಕೇಳಿತು.

"ಈಗ ಎಲ್ಲಿಗೆ ಹೋಗುದು?" ಎಂದೆ.

"ಎಲ್ಲಿಗೂ ಇಲ್ಲ ಅಕ್ಕ. ಬಂದಾಯ್ತಲ್ಲ!"

ಅವನ ಮುಖದಲ್ಲಿ ಅಂಥ ಸಂತೋಷ ಇತ್ತು, ಬೈಯಲು ಮನಸ್ಸು ಬರಲಿಲ್ಲ. ಆದರೆ ಕುಡಿಯುವ ನೀರು ಸಂಜೆಗೆ ಸಾಲದು. ಹಳ್ಳಿ ಹದಿನಾಲ್ಕು ಕಿಲೋಮೀಟರ್ ದೂರ. ಟ್ಯಾಕ್ಸಿಗೆ ಫೋನ್ ಮಾಡಿದರೆ ಅತ್ತ ಕಡೆಯವಳು ಬಿಲ್ಡಿಂಗಿನ ಹೆಸರು ಕೇಳಿದಳು. ಬಿಲ್ಡಿಂಗ್ ಎಲ್ಲಿಂದ ತರುವುದು? ನಮ್ಮವರು ಸೈಕಲ್ ಬಿಡಿಸಿ ಜಂಬದಿಂದ ಹೊರಟರು. ಇನ್ನೂರು ಹೆಜ್ಜೆ ಹೋಗುವಷ್ಟರಲ್ಲಿ ಚಕ್ರ ಹೂತು, ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತುಕೊಂಡು ವಾಪಸು ಬಂದರು. "ಇದರ ಮೇಲೆ ನಾನು ಕೂರುವ ಬದಲು ಇದೇ ನನ್ನ ಮೇಲೆ ಕೂತಿತು ನೋಡು" ಎಂದರು.

ಕೊನೆಗೆ ಪ್ರಶಾಂತನನ್ನು ವಿಮಾನದ ಹತ್ತಿರ ಬಿಟ್ಟು ನಾವಿಬ್ಬರೂ ನಡೆದೇ ಹೊರಟಾಗ, ಒಂಟೆ ಸಾಕುವ ಕಡೆಗೆ ನೀರು ಹಾಕಿ ಮರಳುತ್ತಿದ್ದ ಒಂದು ಟ್ಯಾಂಕರ್ ಲಾರಿ ಬಂತು. ಚಾಲಕ ನೂರ್ ಖಾನ್, ಪೇಶಾವರದ ಕಡೆಯವನು. "ಗಾಡಿ ಖರಾಬ್ ಹೋ ಗಯಾ, ಬಾಜಿ?" ಎಂದ, ಗಾಡಿ ಕೆಟ್ಟಿತಾ ಅಕ್ಕ ಎಂದು.

"ಗಾಡಿ ನಹೀಂ ಹೈ, ಭಾಯಿ. ಜಹಾಜ್ ಹೈ" ಎಂದು ನಾನು ಬೆರಳು ತೋರಿಸಿದೆ. ಅವನು ವಿಮಾನ ನೋಡಿದ, ನನ್ನ ಕಾಲಿನ ಚಪ್ಪಲಿ ನೋಡಿದ. ಸ್ವಂತ ಜಹಾಜಿನಲ್ಲಿ ಬಂದವರು ನೀರು ತರಲು ನಡೆದುಕೊಂಡು ಹೊರಟಿದ್ದಾರೆಂದು ಅವನಿಗೆ ನಂಬಲಾಗಲಿಲ್ಲ. ನಮ್ಮನ್ನು ಮುಂದೆ ಕೂರಿಸಿಕೊಂಡು ದಾರಿಯುದ್ದಕ್ಕೂ ನಕ್ಕ. ದುಡ್ಡು ಕೊಡಲು ಹೋದರೆ ಮುಟ್ಟಲಿಲ್ಲ. ನೀರು ತೆಗೆದುಕೊಳ್ಳುವವರೆಗೆ ಕಾದು, ಮತ್ತೆ ಅಲ್ಲಿಯೇ ತಂದು ಬಿಟ್ಟ. ಏನಾದರೂ ಬೇಕಾದರೆ ಫೋನ್ ಮಾಡಿ ಎಂದು ನಂಬರನ್ನೂ ಬರೆದುಕೊಟ್ಟ.

ಹಳ್ಳಿಯ ಅಂಗಡಿಯಲ್ಲಿ ನಾನು ಇನ್ನೊಂದು ಕೆಲಸ ಮಾಡಿದ್ದೆ. ಲಿವಾ ಖರ್ಜೂರಕ್ಕೆ ಹೆಸರಾದ ಜಾಗ. ಒಂದೊಂದು ಕಿಲೋದ ಹನ್ನೆರಡು ಡಬ್ಬಿ ಕೊಂಡೆ. ತಮ್ಮನಿಗೆ ಎರಡು ತೋರಿಸಿ, "ಇಷ್ಟೇ ಮಾರಾಯ" ಎಂದೆ. ಉಳಿದ ಹತ್ತು ನನ್ನ ಜಾಕೆಟಿನ ಅಡಿಯಲ್ಲಿ ಮಲಗಿದವು. ನಮ್ಮವರು ನೋಡಿದರು. ಕಣ್ಣು ಮಿಟುಕಿಸಿದರು, ಅಷ್ಟೇ.

ಸಂಜೆ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಒದ್ದೆ ಟವೆಲನ್ನು ರೆಕ್ಕೆಯ ಮೇಲೆ ಒಣಗಲು ಹಾಕಿದಾಗ ಪ್ರಶಾಂತ "ಅಕ್ಕಾ!" ಎಂದು ಕಿರುಚಿದ್ದು ಬಿಟ್ಟರೆ ಬೇರೆ ಗಲಾಟೆ ಇಲ್ಲ. ಕಾವಲಿ ಎಲ್ಲಿಂದ ಬಂತೆಂದು ಅವನು ಕೇಳಲಿಲ್ಲ, ಹನ್ನೊಂದು ನೀರುದೋಸೆ ತಿಂದ.

ಶನಿವಾರ ಬೆಳಿಗ್ಗೆ ಏಳಕ್ಕೆ, ತಂಪಿರುವಾಗಲೇ ಹೊರಡಬೇಕಿತ್ತು. ಎದ್ದು ನೋಡಿದರೆ ಮಂಜು. ಮರಳುಗಾಡಿನಲ್ಲಿ ಮಂಜು! ವಿಮಾನದ ಮೂತಿಯಿಂದ ಬಾಲ ಕಾಣುವುದಿಲ್ಲ. ಅದು ಕರಗುವಾಗ ಹತ್ತೂವರೆ. ಕರಗಿದ ಮರುಗಳಿಗೆಗೇ ಬಿಸಿಲು ನೆತ್ತಿ ಸುಟ್ಟಿತು. ಮಾರ್ಚ್ ಕೊನೆಯ ವಾರ, ಮೂವತ್ತೆಂಟು ಡಿಗ್ರಿ. ಬಿಸಿಗಾಳಿಯಲ್ಲಿ ವಿಮಾನಕ್ಕೆ ಏರುವ ಶಕ್ತಿ ಕಡಿಮೆ ಎಂದು ಪ್ರಶಾಂತ ವಿವರಿಸಿದ. ಪೆನ್ಸಿಲ್ ಹಿಡಿದು ತೂಕಗಳನ್ನೆಲ್ಲ ಮತ್ತೊಮ್ಮೆ ಕೂಡಿಸಿ, ಪಟ್ಟಿಯ ಉದ್ದವನ್ನು ನೋಡಿ, "ಸಾಕಾಗ್ತದೆ, ಸ್ವಲ್ಪದರಲ್ಲಿ" ಎಂದ. ಆಗ ಬಾಯಿಬಿಡಬೇಕಿತ್ತು ನಾನು. ಬಿಡಲಿಲ್ಲ. ಅಷ್ಟು ದೊಡ್ಡ ಯಂತ್ರಕ್ಕೆ ನನ್ನ ಖರ್ಜೂರ ಯಾವ ಲೆಕ್ಕ ಎಂದುಕೊಂಡೆ.

ಓಡಲು ತೊಡಗಿದೆವು. ಗಾಳಿಚೀಲ ದಾಟಿತು. ಚಕ್ರಗಳು ಇನ್ನೂ ನೆಲದಲ್ಲೇ ದಡದಡ ಅನ್ನುತ್ತಿದ್ದವು. ಎದುರಿಗೆ ಬೇಲಿ ಕಂಡಿತು. ಅದು ದೊಡ್ಡದಾಯಿತು, ಕಂಬಗಳನ್ನು ಎಣಿಸಬಹುದಾದಷ್ಟು ಹತ್ತಿರವಾಯಿತು. ಪ್ರಶಾಂತ ಏನೋ ಕೂಗಿ, ಎಂಜಿನ್ ಇಳಿಸಿ ಬ್ರೇಕ್ ಒತ್ತಿದ. ಸೈಕಲ್ ಬಂದು ನನ್ನ ಮೊಣಕಾಲಿಗೆ ಬಡಿಯಿತು. ಮರಳು ಎದ್ದು ಏನೂ ಕಾಣದಾಯಿತು. ಸತ್ತೆವು ಎಂದೇ ತಿಳಿದೆ. ಧೂಳು ಇಳಿದಾಗ ಬೇಲಿ ಹತ್ತು ಹೆಜ್ಜೆ ಮುಂದಿತ್ತು.

ಪ್ರಶಾಂತ ಕೆಳಗಿಳಿದು, ವಿಮಾನದ ಸುತ್ತ ಎರಡು ಸುತ್ತು ಬಂದು, "ನನ್ನದೇ ತಪ್ಪು. ಎಲ್ಲಿ ಅಂತ ಗೊತ್ತಾಗುದಿಲ್ಲ. ನನಗೆ ಹಾರ್ಲಿಕ್ಕೆ ಯೋಗ್ಯತೆಯೇ ಇಲ್ಲ ಭಾವ" ಎಂದು ನೆಲದಲ್ಲಿ ಕುಳಿತುಬಿಟ್ಟ.

ನಾನು ಜಾಕೆಟ್ ಬಿಚ್ಚಿ ಅವನೆದುರು ಹಾಕಿದೆ. ಕಾವಲಿ ಠಣ್ ಎಂದಿತು. ಆಮೇಲೆ ಡೇರೆಯ ಚೀಲ ಬಿಚ್ಚಿ, ಬೆಳಿಗ್ಗೆ ಅದರೊಳಗೆ ಸುತ್ತಿಟ್ಟಿದ್ದ ಖರ್ಜೂರದ ಡಬ್ಬಿಗಳನ್ನು ಒಂದೊಂದಾಗಿ ತೆಗೆದಿಟ್ಟೆ. ಅವನು ಬಾಯಿ ತೆರೆದು ನೋಡುತ್ತಲೇ ಇದ್ದ.

"ಇನ್ನುಂಟಾ?"

"ಉಂಟು" ಎಂದೆ. "ನಾನು ಅರುವತ್ತೆರಡಲ್ಲ. ಎಪ್ಪತ್ತನಾಲ್ಕು."

ನಮ್ಮವರು ನಗುತ್ತಾರೆಂದು ಹೆದರಿದ್ದೆ. ನಗಲಿಲ್ಲ. "ಡಬ್ಬಿ ನಾನೂ ನೋಡಿದ್ದೆ ಪ್ರಶಾಂತ. ಹೇಳ್ಲಿಲ್ಲ" ಎಂದು ತಲೆ ತಗ್ಗಿಸಿದರು.

ಬೈಯುತ್ತಾನೆಂದುಕೊಂಡೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವನು ಎದ್ದು ಪ್ಯಾಂಟಿನ ಮರಳು ಕೊಡವಿ, "ನೀವಿಬ್ಬರೂ ರಸ್ತೆಯಲ್ಲಿ ಬನ್ನಿ. ನಾನು ಒಬ್ಬನೇ ಹಾರ್ತೇನೆ" ಎಂದ.

"ನನ್ನನ್ನು ಬಿಟ್ಟು ಹೋಗ್ತೀಯಾ?" ನನಗೆ ನಂಬಿಕೆಯೇ ಬರಲಿಲ್ಲ. "ಇವರನ್ನಾದ್ರೂ ಕರ್ಕೊಂಡು ಹೋಗು. ಒಬ್ಬರನ್ನು ಹೊರುದಿಲ್ವಾ ಅದು?"

"ಹೊರಬಹುದು. ಆದ್ರೆ ಈಗ ನನಗೆ ಸರಿಯಾಗಿ ಗೊತ್ತಿರುದು ನನ್ನ ತೂಕ ಒಂದೇ ಅಕ್ಕ."

ಅಳು ಬಂತು, ಮುಖ ತಿರುಗಿಸಿದೆ. ಅವನು ಬ್ರೇಕು, ಚಕ್ರಗಳನ್ನೆಲ್ಲ ತಡವಿ ನೋಡಿದ, ಕ್ಲಬ್ಬಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿ ಅವರು ಹೇಳಿದ್ದನ್ನೆಲ್ಲ ಪರೀಕ್ಷಿಸಿದ. ಮೂವರೂ ಸೇರಿ ವಿಮಾನವನ್ನು ದೂಡಿ ಪಟ್ಟಿಯ ಇನ್ನೊಂದು ತುದಿಗೆ ತಂದೆವು. ಆ ಬಿಸಿಲಲ್ಲಿ ಅದಕ್ಕೇ ಅರ್ಧ ಗಂಟೆ ಹಿಡಿಯಿತು. ಹತ್ತುವ ಮೊದಲು ಪ್ರಶಾಂತ ನನ್ನ ಹತ್ತಿರ ಬಂದು, "ವಿದ್ಯಾಳಿಗೆ ಹೇಳ್ಬೇಡ. ಗೊತ್ತಾದ್ರೆ ಮತ್ತೆ ನನ್ನನ್ನು ಹಾರ್ಲಿಕ್ಕೆ ಬಿಡ್ಲಿಕ್ಕಿಲ್ಲ" ಎಂದ.

ಪಟ್ಟಿಯ ಅರ್ಧ ದಾಟುವ ಮೊದಲೇ ಚಕ್ರಗಳು ನೆಲ ಬಿಟ್ಟವು. ಬೇಲಿಯ ಮೇಲೆ ಎಷ್ಟೋ ಎತ್ತರದಲ್ಲಿ ಸಾಗಿ ಉತ್ತರಕ್ಕೆ ತಿರುಗಿತು. ನಾನು ಬೇಲಿಯನ್ನೇ ನೋಡುತ್ತಾ ನಿಂತಿದ್ದೆ. ಮೈಯೆಲ್ಲ ತಣ್ಣಗಾಗಿತ್ತು, ಮೂವತ್ತೆಂಟು ಡಿಗ್ರಿಯಲ್ಲಿ.

ನೂರ್ ಖಾನ್‌ಗೆ ಫೋನ್ ಮಾಡಿದೆವು. ಅವನು ಬಂದು, ವಿಮಾನ ಎಲ್ಲಿ ಎಂದು ಕೇಳಿ, ನಮ್ಮ ಮುಖ ನೋಡಿ ಮತ್ತೇನೂ ಕೇಳದೆ ಹಳ್ಳಿಯ ಬಸ್ ಸ್ಟಾಪಿಗೆ ಬಿಟ್ಟ. ಅಬುಧಾಬಿಗೆ ಇನ್ನೂರಮೂವತ್ತು ಕಿಲೋಮೀಟರ್, ತಲೆಗೆ ಇಪ್ಪತ್ತೈದು ದಿರ್ಹಮ್. ಜಾಕೆಟ್ ತೊಡೆಯ ಮೇಲೆ, ಖರ್ಜೂರ ಕಾಲಡಿಯಲ್ಲಿ. ಪ್ರಶಾಂತನ ಫೋನ್ ಸಿಗುತ್ತಿರಲಿಲ್ಲ. ಹಾರುವಾಗ ಸಿಗುವುದಿಲ್ಲ ಎಂದು ಗೊತ್ತಿದ್ದರೂ ಐದೈದು ನಿಮಿಷಕ್ಕೊಮ್ಮೆ ಒತ್ತಿದೆ. ನಮ್ಮವರು ಕೈಹಿಡಿದು ಕೂತಿದ್ದರು, ಒಂದು ಜೋಕೂ ಹೊಡೆಯಲಿಲ್ಲ.

ಎರಡೂವರೆಯ ಹೊತ್ತಿಗೆ ಫೋನ್ ಬಂತು, ವಿದ್ಯಾಳದ್ದು.

"ಅತ್ತಿಗೆ, ಇವರು ಇಳಿದ್ರು ಅಂತ ಮೆಸೇಜ್ ಬಂತು. ನೀವೂ ಇಳಿದ್ರಲ್ಲ? ಎಂಥ ಅದು, ಬಸ್ಸಿನ ಸದ್ದು?"

ಒಳ್ಳೆಯ ಸುಳ್ಳೊಂದು ನಾಲಗೆಯ ತುದಿಯಲ್ಲೇ ಇತ್ತು. ಕ್ಲಬ್ಬಿನಿಂದ ಬಸ್ ಹಿಡಿದೆವು ಎಂದರೆ ಮುಗಿಯಿತು. ತಮ್ಮನೂ ಅದನ್ನೇ ಬೇಡಿದ್ದ. ಆದರೆ ಬೇಲಿಯ ಕಂಬಗಳು ಇನ್ನೂ ಕಣ್ಣೆದುರಿಗೇ ಇದ್ದವು, ಇನ್ನೊಂದು ಸುಳ್ಳು ಹೇಳುವ ತ್ರಾಣ ನನ್ನಲ್ಲಿರಲಿಲ್ಲ. ಒಂದನ್ನೂ ಬಿಡದೆ ಹೇಳಿದೆ. ಕಾವಲಿ, ಖರ್ಜೂರ, ಎಪ್ಪತ್ತನಾಲ್ಕು, ಹತ್ತು ಹೆಜ್ಜೆ. "ತಪ್ಪು ಪೂರ್ತಿ ನನ್ನದು ವಿದ್ಯಾ. ಅವನು ಸಮಯಕ್ಕೆ ನಿಲ್ಲಿಸಿದ. ಅದಕ್ಕೇ ಬಸ್ಸಲ್ಲಿ ಕೂತು ನಿನ್ನ ಹತ್ರ ಮಾತಾಡ್ತಾ ಇದ್ದೇನೆ. ಬೈಯುದಾದ್ರೆ ನನಗೆ ಬೈ, ಅವನ ಹಾರುದು ನಿಲ್ಲಿಸ್ಬೇಡ."

"ಸ್ವಂತ ಅಕ್ಕನನ್ನೇ ಇಳಿಸಿ ಬಂದ್ರಾ ಇವರು?" ಎಂದಳು.

"ಹೌದು. ನಾನು ಅತ್ತರೂ ಹತ್ತಿಸ್ಲಿಲ್ಲ."

"ಹಾಗಾದ್ರೆ ಮುಂದಿನ ಸಲ ಇವರೊಟ್ಟಿಗೆ ನಾನು ಹೋಗ್ತೇನೆ" ಎಂದಳು ವಿದ್ಯಾ. "ಅತ್ತಿಗೆ, ನೀವು ಬರುದು ಬೇಡ."