ನಲ್ಲಿ ಕಟ್ಟೆಯ ಕಾನೂನು

ನಾನು ಓದಿದ್ದು ಮೂರನೇ ಕ್ಲಾಸು. ಆದ್ರೂ ರಾಜಾಜಿನಗರದ ನಮ್ಮ ವಠಾರಕ್ಕೆ ಕಾನೂನು ಮಾಡ್ತಿದ್ದವಳು ನಾನೇ. ಎಂಬತ್ತರ ದಶಕ. ವಠಾರ ನಮ್ಮದೇ, ಬಾಡಿಗೆಗೆ ಕೊಟ್ಟದ್ದು ನಾಲ್ಕು ಮನೆ, ಎಲ್ಲರಿಗೂ ಒಂದೇ ನಲ್ಲಿ, ನೀರು ಬೆಳಿಗ್ಗೆ ಮಾತ್ರ. ಮುಟ್ಟಾದವರು ನಲ್ಲಿ ಮುಟ್ಟಬಾರದು, ಮನೆಯ ಬೇರೆಯವರು ಬಂದು ಹಿಡೀಬೇಕು. ಅದು ನನ್ನ ಕಾನೂನು.

ಮೂಲೆ ಮನೇಲಿ ಒಬ್ಬ ತಾಯಿ, ಕಾಲೇಜು ಓದೋ ಮಗಳು. ತಾಯಿ ಬೆಳಗಾಗೋದ್ರಲ್ಲೇ ಫ್ಯಾಕ್ಟರಿಗೆ ಹೊರಡೋಳು. ಮಗಳು ಮೆಟ್ಟಿಲ ಮೇಲೆ ಕೂತು ಚರಿತ್ರೆ ಪಾಠ ಗಟ್ಟಿಯಾಗಿ ಉರು ಹೊಡೆಯೋಳು. ಫ್ರಾನ್ಸು, ಇಂಗ್ಲೆಂಡಿನ ಪಂಡಿತರ ಮಾತು. ಹಿಂದಿನವರು ಹೇಳಿದ್ರು ಅಂತ ಒಪ್ಪಬೇಡಿ, ಬುದ್ಧಿಯಿಂದ ಒರೆಹಚ್ಚಿ ನೋಡಿ. ಹಕ್ಕು ಹುಟ್ತಾನೇ ಬರುತ್ತೆ, ರಾಜ ಕೊಡೋದಲ್ಲ. ಕಾನೂನು ಮಾಡಿದವನೂ ಅದಕ್ಕೆ ತಲೆಬಾಗಬೇಕು.

"ನಿನ್ನ ಪಂಡಿತರ ಮನೇಲಿ ನೀರು ಯಾರೇ ಹಿಡೀತಿದ್ರು?" ಅಂತ ನಾನು ಅಕ್ಕಿ ಆರಿಸ್ತಾ ಆಡ್ಕೊಳ್ತಿದ್ದೆ.

ಆ ಚರಿತ್ರೆ ಪರೀಕ್ಷೆ ದಿನವೇ ಅವಳು ಮುಟ್ಟಾದಳು. ಅಮ್ಮ ಕೆಲಸಕ್ಕೆ ಹೋಗಿಯಾಗಿತ್ತು. ಕೊಡ ಹಿಡ್ಕೊಂಡು ಬಂದು ತಾನೇ ಹೇಳಿದಳು. ಸುಳ್ಳು ಹೇಳಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ.

"ಆಂಟಿ, ಸ್ನಾನಕ್ಕೆ ಒಂದೇ ಕೊಡ."

"ನಲ್ಲಿ ಮುಟ್ಟಬೇಡ."

"ಹಂಗಾದ್ರೆ ನೀವೇ ಹಿಡಿದು ಕೊಡಿ."

"ನಾನೇನು ನಿಮ್ಮನೆ ಆಳಾ?"

"ಕಾರಣನಾದ್ರೂ ಹೇಳಿ, ಆಂಟಿ."

"ಕಾರಣ ಬೇಕಾದ್ರೆ ನಿನ್ನ ಪಂಡಿತರ ವಠಾರದಲ್ಲೇ ಮನೆ ಮಾಡ್ಕೋ ಹೋಗೇ!"

ಸಾಲಲ್ಲಿದ್ದ ಹೆಂಗಸರು ಕಿಸಕ್ಕಂದ್ರು. ಹುಡುಗಿ ನನ್ನನ್ನೇ ನೋಡಿದಳು. ಖಾಲಿ ಕೊಡ ವಾಪಸ್ ಒಯ್ದು, ಸ್ನಾನವಿಲ್ಲದೆ ಪರೀಕ್ಷೆಗೆ ಹೋದಳು.

ಇಷ್ಟು ವರ್ಷ ಯಾರಿಗೂ ಹೇಳದ್ದು ಈಗ ಹೇಳ್ತೀನಿ. ಆವತ್ತು ನಾನೂ ಮುಟ್ಟಾಗಿದ್ದೆ. ನಮ್ಮನೇಲಿ ಬೇರೆ ಹೆಂಗಸಿಲ್ಲ, ಗಂಡ ಕೊಡ ಮುಟ್ಟೋನಲ್ಲ. ಎಲ್ಲರಿಗಿಂತ ಮುಂಚೆ ಎದ್ದು ಎರಡು ಹಂಡೆ ತುಂಬ್ಕೊಂಡಿದ್ದೆ. ಪ್ರತಿ ತಿಂಗಳೂ ಹಂಗೇ. ಮನೆ ನನ್ನದು, ಕೇಳೋರು ಯಾರು? ಹುಡುಗಿ ಬೆಳಗಿನ ಜಾವ ಓದೋಕೆ ಏಳ್ತಿದ್ದಳು. ನಾನು ಕತ್ತಲಲ್ಲೇ ಮುಟ್ಟಿನ ಬಟ್ಟೆ ಒಗೆದು ಹಂಡೆ ತುಂಬೋದನ್ನ ಅವಳು ನೋಡಿದ್ದಳು, ಆ ನೋಟದಲ್ಲೇ ನನಗೆ ತಿಳೀತು. ಅಷ್ಟು ಜನರ ಮುಂದೆ ಒಂದು ಮಾತು ಅಂದಿದ್ರೆ ನನ್ನ ಮಾನ ಹೋಗ್ತಿತ್ತು. ಅನ್ನಲಿಲ್ಲ. ಹಂಗೆ ಅನ್ನದೇ ಇದ್ದದ್ದೇ ನನ್ನನ್ನ ಇವತ್ತಿಗೂ ತಿನ್ನುತ್ತೆ.

ಮಾರನೇ ಬೆಳಿಗ್ಗೆ ಅವಳು ಕಟ್ಟೆಗೆ ಬಂದು, ಕೊಡ ಇಟ್ಟು, ತಾನೇ ನಲ್ಲಿ ತಿರುಗಿಸಿದಳು. ಹೆಂಗಸರೆಲ್ಲ ನನ್ನ ಬಾಯಿ ನೋಡಿದ್ರು. "ಹಿಡ್ಕೊಳ್ಳೇ, ತಪ್ಪು ನನ್ನದು" ಅನ್ನಬಹುದಿತ್ತು. ಆಗಲಿಲ್ಲ ನನ್ನ ಕೈಲಿ. ತಲೆ ಬಗ್ಗಿಸಿ ಮೊರದಲ್ಲಿ ಕಲ್ಲು ಹುಡುಕ್ತಾ ಕೂತೆ. ಆ ಅಕ್ಕೀನ ಹಿಂದಿನ ದಿನವೇ ಆರಿಸಿಟ್ಟಿದ್ದೆ.